ಸಂತೆಯ ಬುದ್ಧಿ, ವಿಮಾನದ ಟಿಕೇಟು

ಸಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಓಣಿಯಲ್ಲಿ ಯಾರೂ ಇಲ್ಲವೆಂಬ ಜಂಬ ನನಗೆ ಬಹಳ ದಿನ ಇತ್ತು. ಮುಂಜಾನೆ ಸಂತೆಗೆ ಹೋಗುವವರು ದುಡ್ಡಿದ್ದವರು, ಹೊತ್ತು ಮುಳುಗುವಾಗ ಹೋಗುವವರು ಬುದ್ಧಿ ಇದ್ದವರು ಎಂಬುದು ನನ್ನ ಸಿದ್ಧಾಂತ. ಲಿಂಗಸುಗೂರಿನ ವಾರದ ಸಂತೆಯಲ್ಲಿ ಬೆಳಿಗ್ಗೆ ಬದನೆಕಾಯಿಯ ಬೆಲೆ ಕೇಳಿದರೆ ಮುಖ ತಿರುವುವ ಮುದುಕಿಯೇ ಸಂಜೆ ಆರರ ಹೊತ್ತಿಗೆ, "ಯವ್ವಾ, ಇದ್ದಷ್ಟೂ ಒಯ್ಯಿ, ನಿನಗ ತಿಳಿದಷ್ಟು ಕೊಡು" ಎನ್ನುತ್ತಾಳೆ. ನಾನು ಎರಡು ಹೆಜ್ಜೆ ಮುಂದೆ ಹೋಗಿ, ಅವಳು ಕೂಗಿದ ಮೇಲೆ ಹಿಂತಿರುಗಿ, ಚೀಲ ತುಂಬಿಸಿಕೊಂಡು ಬರುತ್ತಿದ್ದೆ. ಮೂವತ್ತು ವರ್ಷ ಮಾಸ್ತರಿಕೆ ಮಾಡಿ ಮಕ್ಕಳಿಗೆ ಲೆಕ್ಕ ಕಲಿಸಿದವಳು ನಾನು. ಈ ಲೆಕ್ಕ ಎಂದೂ ತಪ್ಪಿರಲಿಲ್ಲ. ತಪ್ಪಿದ್ದು ಒಂದೇ ಸಲ, 2017ರ ಅಕ್ಟೋಬರಿನಲ್ಲಿ.

ಮಗಳು ಆಗ ದೆಹಲಿಯಲ್ಲಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ನಮ್ಮ ಕಡೆಯ ವಾಡಿಕೆ. ಆದರೆ ಅವಳಿಗೆ ರಕ್ತದೊತ್ತಡ, ದೂರದ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರು. ಮಗಳು ತವರಿಗೆ ಬರಲಾಗದಿದ್ದರೆ ತವರೇ ಮಗಳ ಹತ್ತಿರ ಹೋಗಬೇಕಲ್ಲವೇ? ನವೆಂಬರ್ ನಡುವಿಗೆ ದಿನ ತುಂಬುತ್ತವೆಂದು ಲೆಕ್ಕ ಹಾಕಿ, ರಾಯಚೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ಸಿಗೆ ಎರಡು ತಿಂಗಳು ಮೊದಲೇ ಟಿಕೇಟು ತೆಗೆಸಿಟ್ಟಿದ್ದೆ. ನಮ್ಮೂರಿನಿಂದ ರಾಯಚೂರಿಗೆ ಬಸ್ಸು, ಅಲ್ಲಿಂದ ಮುಂದೆ ಒಂದು ಹಗಲು ಒಂದು ರಾತ್ರಿಗೂ ಮೀರಿದ ರೈಲು. 1905ರವರೆಗೆ ನಿಜಾಮರ ಸೀಮೆಯಲ್ಲಿ ಜಿಲ್ಲಾ ಕೇಂದ್ರವಾಗಿದ್ದ ನಮ್ಮೂರಿಗೆ ಆಗಿನ್ನೂ ರೈಲು ಬಂದಿರಲಿಲ್ಲ.

ಒಂದು ಮಂಗಳವಾರ ಸಂಜೆ, ದೇವರ ಮುಂದೆ ದೀಪ ಹಚ್ಚಿ ಏಳುವಷ್ಟರಲ್ಲಿ ಅಳಿಯನ ಫೋನು. "ಅತ್ತೀ, ಬಿ.ಪಿ. ಭಾಳ ಏರ್ಯಾದ. ಇವತ್ತೇ ಅಡ್ಮಿಟ್ ಮಾಡಿಕೊಂಡಾರ. ಗುರುವಾರ ಮುಂಜಾನೆ ಆಪರೇಷನ್ ಮಾಡ್ತೀವಿ ಅಂದಾರ" ಎಂದ. ಫೋನು ಮಗಳ ಕೈಗೆ ಹೋಯಿತು. ಅವಳು ಕೇಳಿದ್ದು ಒಂದೇ ಮಾತು: "ಅವ್ವಾ, ಅಷ್ಟರೊಳಗ ಬರ್ತೀಯಲ್ಲ?"

ರೈಲು ಹತ್ತಿದರೆ ಗುರುವಾರ ಬೆಳಗಿಗೆ ಮುಟ್ಟುವುದು ಸಾಧ್ಯವೇ ಇರಲಿಲ್ಲ. ನಮ್ಮ ಮನೆಯವರೂ ನಾನೂ ಬಸ್‌ಸ್ಟ್ಯಾಂಡಿನ ಹತ್ತಿರದ ಇಂಟರ್ನೆಟ್ ಅಂಗಡಿಗೆ ಹೋದೆವು. ಅಂಗಡಿಯ ಹುಡುಗ ನನ್ನ ಹತ್ತಿರ ಮಗ್ಗಿ ಕಲಿತವನು. ಕಂಪ್ಯೂಟರ್ ನೋಡಿ, "ಟೀಚರ್ರೀ, ನಾಳೆ ರಾತ್ರಿ ಎಂಟಕ್ಕ ಹೈದರಾಬಾದಿನಿಂದ ಒಂದು ಐತ್ರಿ. ಆರು ಸಾವಿರದ ಎರಡು ನೂರು. ನಸುಕಿನ ಬಸ್ಸಿಗೆ ಹೊಂಟ್ರ ಆರಾಮ ಸಿಗತೈತಿ. ತೆಗೀಲೇನ್ರಿ?" ಎಂದ.

ನಮ್ಮ ಮನೆಯವರು ಜೇಬಿಗೆ ಕೈ ಹಾಕಿದ್ದರು. ತಡೆದವಳು ನಾನು. ಅಷ್ಟು ದೊಡ್ಡ ವಿಮಾನ, ನಾಳೆ ರಾತ್ರಿ ಹಾರಬೇಕು, ಇನ್ನೂ ಸೀಟು ಉಳಿದಿವೆ ಎಂದರೆ ಅರ್ಥವೇನು? ಹಾರಿಹೋದ ಮೇಲೆ ಖಾಲಿ ಸೀಟು ಯಾರಿಗೆ ಬೇಕು? ಅದು ಕೊಳೆತ ಬದನೆಕಾಯಿಗಿಂತ ಕಡೆ. ನಾಳೆ ಮುಂಜಾನೆ ಅವರೇ ಇಳಿಸುತ್ತಾರೆ ಎಂದುಕೊಂಡೆ. ಕಡೇ ಗಳಿಗೆಯಲ್ಲಿ ವಿಮಾನದ ಟಿಕೇಟು ಸೋವಿಯಾಗಿ ಸಿಗುತ್ತದೆಂದು ಯಾರೋ ಹೇಳಿದ್ದೂ ನೆನಪಿತ್ತು. "ಏರ್ತದರೀ ಟೀಚರ್ರೀ, ಇಳಿಯೂದಿಲ್ಲ" ಎಂದು ಹುಡುಗ ಎರಡು ಸಲ ಹೇಳಿದ. ಅಂಗಡಿಯವನು ಹೇಳುವುದೇ ಹಾಗೆ ಎಂದುಕೊಂಡು, ಸಂತೆಯಲ್ಲಿ ಮಾಡುವಂತೆ ಎರಡು ಹೆಜ್ಜೆ ಹಾಕಿ ಮನೆಗೆ ಬಂದುಬಿಟ್ಟೆ. ಹಿಂದಿನಿಂದ ಯಾರೂ ಕೂಗಲಿಲ್ಲ.

ಬುಧವಾರ ಬೆಳಿಗ್ಗೆ ಅಂಗಡಿ ತೆರೆಯುವುದನ್ನೇ ಕಾದು ಹೋದರೆ, ರಾತ್ರಿಯ ವಿಮಾನ ಪೂರ್ತಿ ಭರ್ತಿಯಾಗಿತ್ತು. ಉಳಿದದ್ದು ಗುರುವಾರ ಬೆಳಿಗ್ಗೆ ಎಂಟರದು. ಬೆಲೆ ಹನ್ನೊಂದು ಸಾವಿರದ ಎಂಟು ನೂರು. ಅದರ ಮೇಲೆ ಟಿಕೇಟು ತೆಗೆಯುವ ಶುಲ್ಕ ಬೇರೆ. ಹುಡುಗ "ನಾನು ಹೇಳಿರಲಿಲ್ಲೇನ್ರಿ" ಎನ್ನಲಿಲ್ಲ. ನನ್ನ ಗುರುತಿನ ಚೀಟಿ ಇಸಿದುಕೊಂಡು, ಅದರಲ್ಲಿದ್ದಂತೆಯೇ ಒಂದೊಂದೇ ಅಕ್ಷರ ನೋಡಿ ಹೆಸರು ಬರೆದ. ಹೆಸರು ಬೇರೆಯಾದರೆ ಬಾಗಿಲಲ್ಲೇ ನಿಲ್ಲಿಸುತ್ತಾರಂತೆ. ಆ ಎಚ್ಚರ ಅವನಿಗಿತ್ತು, ನನಗೆ ಅದೂ ಇರಲಿಲ್ಲ.

ರಾತ್ರಿ ಬಸ್ಸು ರಾಯಚೂರು, ಮಹಬೂಬನಗರ ದಾಟಿ ನಸುಕಿನಲ್ಲಿ ನಮ್ಮನ್ನು ಶಂಶಾಬಾದಿನಲ್ಲಿ ಇಳಿಸಿತು. ನಿಲ್ದಾಣದ ಬಾಗಿಲವರೆಗೆ ಬಂದು ಇವರು ಹಿಂತಿರುಗಿದರು. ಒಬ್ಬರ ಟಿಕೇಟಿಗೇ ಅಷ್ಟಾದ ಮೇಲೆ ಇಬ್ಬರ ಮಾತೆಲ್ಲಿ? ನನ್ನ ಹತ್ತಿರ ಬಾಣಂತಿಗೆಂದು ಕಟ್ಟಿದ ಗಂಟುಗಳಿದ್ದವು: ಅಂಟಿನುಂಡಿ, ಅಳವಿ, ಜೋಳದ ಹಿಟ್ಟು, ಶೇಂಗಾ ಹಿಂಡಿ, ಮೇಲೆ ಒಣಕೊಬ್ಬರಿಯ ಹತ್ತು ಬಟ್ಟಲು. ನನ್ನ ಟಿಕೇಟಿಗೆ ಹದಿನೈದು ಕಿಲೋ ಮಾತ್ರ ಪುಕ್ಕಟೆ, ಕೈಚೀಲದಲ್ಲಿ ಏಳು. ಹೆಚ್ಚಾದದ್ದಕ್ಕೆ ಕಿಲೋ ಲೆಕ್ಕದಲ್ಲಿ ದುಡ್ಡು. ತೂಕವೇನೋ ಸರಿಹೋಯಿತು, ಕೊಬ್ಬರಿಯನ್ನು ಮಾತ್ರ ತೆಗೆದಿಡಿಸಿದರು. ಎಣ್ಣೆಯ ಅಂಶ ಹೆಚ್ಚಿರುವ ಒಣಕೊಬ್ಬರಿ ತನ್ನಷ್ಟಕ್ಕೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದಂತೆ, ವಿಮಾನದಲ್ಲಿ ನಿಷಿದ್ಧ. ಉಡಿ ತುಂಬುವ ಕೊಬ್ಬರಿಯಲ್ಲಿ ಬೆಂಕಿ ಇದೆ ಎಂದು ಅರವತ್ತರ ಹತ್ತಿರ ಬಂದ ಮೇಲೆ ಕಲಿತೆ.

ಮೊದಲ ಸಲ ವಿಮಾನ ಏರಿದವರು ಮೋಡ ನೋಡಿದ್ದನ್ನು ಬರೆಯುತ್ತಾರೆ. ನಾನು ಗಡಿಯಾರ ನೋಡುತ್ತಿದ್ದೆ. ಪಕ್ಕದಲ್ಲಿ ಕುಳಿತಿದ್ದ ಕನ್ನಡದ ಹುಡುಗಿಯೊಬ್ಬಳು ಮಾತಿಗೆ ಮಾತು ಬಂದು, ತನ್ನ ಟಿಕೇಟಿಗೆ ಮೂರು ಸಾವಿರದ ಚಿಲ್ಲರೆ ಆಯಿತೆಂದಳು. ಎರಡು ತಿಂಗಳ ಹಿಂದೆ ತೆಗೆಸಿದ್ದಳಂತೆ. ಅದೇ ವಿಮಾನ, ಅದೇ ಸಾಲು, ಅದೇ ಬಗೆಯ ಕುರ್ಚಿ.

ಆಸ್ಪತ್ರೆ ಮುಟ್ಟಿದಾಗ ಮಧ್ಯಾಹ್ನ ಹನ್ನೆರಡು. ಮೊಮ್ಮಗ ಹುಟ್ಟಿ ಮೂರು ತಾಸಾಗಿತ್ತು. ಸ್ವಲ್ಪ ತೂಕ ಕಡಿಮೆ ಎಂಬುದು ಬಿಟ್ಟರೆ ಇಬ್ಬರೂ ಕ್ಷೇಮ. ಮಗಳು ಅರೆಮಂಪರಿನಲ್ಲಿ ನನ್ನ ಕೈ ಹಿಡಿದು, "ಒಳಗ ಒಯ್ಯೂತನಕ ಬಾಗಿಲಾ ನೋಡಿದೆ ಅವ್ವಾ" ಎಂದಳು. ದೂರಲಿಲ್ಲ, ಸುಮ್ಮನೆ ಹೇಳಿದಳು. ಮಂಗಳವಾರ ಸಂಜೆ ಅಂಗಡಿಯಲ್ಲಿ ನಡೆದದ್ದನ್ನು ನಾನು ಅವಳಿಗೆ ಹೇಳಲಿಲ್ಲ.

ಬಾಣಂತನ ಮಾಡುತ್ತಾ ಮೂರು ತಿಂಗಳು ದೆಹಲಿಯಲ್ಲಿದ್ದಾಗ, ಆ ಲೆಕ್ಕ ಯಾಕೆ ತಪ್ಪಿತೆಂದು ಅಳಿಯನ ಹತ್ತಿರ ಕೇಳಿ ತಿಳಿದುಕೊಂಡೆ. ಒಂದು ವಿಮಾನದಲ್ಲಿ ನೂರಾ ಎಂಬತ್ತರಷ್ಟು ಕುರ್ಚಿಗಳು. ಎಲ್ಲವೂ ಒಂದೇ ಥರ, ಆದರೆ ಬೆಲೆಯಲ್ಲಿ ಹಲವು ಕಟ್ಟು. ಕಡಿಮೆ ಬೆಲೆಯ ಕಟ್ಟಿನಲ್ಲಿ ಕೆಲವೇ ಕುರ್ಚಿ. ಅವು ಮುಗಿದರೆ ಅದರ ಮೇಲಿನ ಕಟ್ಟು ಬಿಚ್ಚುತ್ತದೆ. ದಿನ ಹತ್ತಿರ ಬಂದಂತೆ ಸಾಮಾನ್ಯವಾಗಿ ಉಳಿಯುವುದು ಮೇಲಿನ ಕಟ್ಟುಗಳೇ. ನಮ್ಮ ಪಕ್ಕದ ಹಟ್ಟಿಯಲ್ಲಿ ತೆಗೆಯುವ ಬಂಗಾರದ ಬೆಲೆಯೂ ದಿನಕ್ಕೊಂದು ಥರ ಆಗುತ್ತದೆ, ಆದರೆ ವಿಮಾನದ ಕುರ್ಚಿಯ ಬೆಲೆ ತಾಸಿಗೊಂದು ಥರ.

ಸೋವಿ ವಿಮಾನ ನಮ್ಮ ನಾಡಿಗೆ ಬಂದದ್ದೇ ಕನ್ನಡಿಗರೊಬ್ಬರಿಂದ. 1994ರಲ್ಲಿ ಹಳೆಯ ಕಾಯ್ದೆ ರದ್ದಾಗುವವರೆಗೆ ದೇಶದೊಳಗಿನ ನಿಯತ ವಿಮಾನ ಸಂಚಾರವೆಲ್ಲ ಕಾನೂನಿನ ಪ್ರಕಾರ ಸರಕಾರದ ಸಂಸ್ಥೆಯದೇ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್, ಸೇನೆ ಬಿಟ್ಟು ಬೇಸಾಯ ಮಾಡಿದವರು, 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದರು. ದೊಡ್ಡ ನಗರಗಳನ್ನಷ್ಟೇ ಅಲ್ಲದೆ ನಮ್ಮ ಹುಬ್ಬಳ್ಳಿಯಂಥ ಊರುಗಳನ್ನೂ ನೆನೆದರು. ಒಂದು ರೂಪಾಯಿಗೆ ಟಿಕೇಟು ಎಂದು ಅವರು ಸಾರಿದ್ದು ಆಗ ಮನೆಮಾತಾಗಿತ್ತು. 2008ರಲ್ಲಿ ಆ ಸಂಸ್ಥೆ ಕಿಂಗ್‌ಫಿಷರ್‌ನಲ್ಲಿ ಲೀನವಾಯಿತು. 2012ರಲ್ಲಿ ಕಿಂಗ್‌ಫಿಷರೂ ನಿಂತಿತು. ಆದರೆ ಅವರು ಹಾಕಿಕೊಟ್ಟ ರೂಢಿ ಉಳಿಯಿತು. ನಾನು ಮರೆತದ್ದು ಒಂದನ್ನೇ: ಆ ಒಂದು ರೂಪಾಯಿ ಮೊದಲು ಬಂದವರಿಗೆ, ಕಡೆಗೆ ಬಂದವರಿಗಲ್ಲ.

ಯಾಕೆ ಹೀಗೆ? ಸಂತೆಗೆ ಸಂಜೆ ಹೋಗುವವಳಿಗೆ ಬದನೆಕಾಯಿ ಸಿಗದಿದ್ದರೂ ನಡೆಯುತ್ತದೆ, ಬೇಳೆ ಬೇಯಿಸುತ್ತಾಳೆ. ವಿಮಾನಕ್ಕೆ ಹಿಂದಿನ ದಿನ ಬರುವವರು ಯಾರು? ಕಚೇರಿಯ ದುಡ್ಡಿನಲ್ಲಿ ಹೋಗುವವರು, ಇಲ್ಲವೇ ಮನೆಯಲ್ಲಿ ಸಾವು, ಹೆರಿಗೆ, ಆಪರೇಷನ್ ಆದವರು. ಇವರು ಬಿಟ್ಟುಹೋಗುವವರಲ್ಲ, ಎಷ್ಟಾದರೂ ಕೊಡುತ್ತಾರೆ ಎಂದು ಮಾರುವವರಿಗೆ ಗೊತ್ತು. ಹಾಗಾಗಿ ಕಡೇ ಕುರ್ಚಿ ಖಾಲಿ ಹೋದರೂ ಚಿಂತೆಯಿಲ್ಲವೆಂದು ಬೆಲೆ ಹಿಡಿದಿಡುತ್ತಾರೆ. ನಾನು ಕೊಟ್ಟ ಹನ್ನೊಂದು ಸಾವಿರದ ಎಂಟು ನೂರು ಕುರ್ಚಿಯ ಬೆಲೆಯಲ್ಲ, ನನ್ನ ಅವಸರದ ಬೆಲೆ.

2020ರಲ್ಲಿ ಕೊರೋನಾ ಬಂದು ಮಗಳು ಮನೆಯಿಂದಲೇ ಕೆಲಸ ಮಾಡುತ್ತಾ ಲಿಂಗಸುಗೂರಿನಲ್ಲಿದ್ದಳು. ಆ ನವೆಂಬರಿನಲ್ಲಿ ಗೋಪಿನಾಥರ ಬದುಕಿನ ಎಳೆ ಹಿಡಿದು ಸುಧಾ ಕೊಂಗರ ಎಂಬ ಹೆಣ್ಣುಮಗಳು ನಿರ್ದೇಶಿಸಿದ 'ಸೂರರೈ ಪೋಟ್ರು' ಸಿನಿಮಾ ಬಂತು. ಅದರಲ್ಲಿ ತಂದೆ ಸಾಯುವ ಸ್ಥಿತಿಯಲ್ಲಿದ್ದಾಗ ನಾಯಕನಿಗೆ ವಿಮಾನದ ಟಿಕೇಟಿಗೆ ದುಡ್ಡು ಸಾಲುವುದಿಲ್ಲ. ನಿಲ್ದಾಣದಲ್ಲಿ ಕಂಡಕಂಡವರ ಮುಂದೆ ಕೈ ಚಾಚುತ್ತಾನೆ, ಆದರೂ ಸಮಯಕ್ಕೆ ಮುಟ್ಟಲಾರ. ಕಥೆಗೆ ಬೇಕಾಗಿ ಹೆಣೆದದ್ದಿರಬಹುದು. ನಾನು ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. "ಯಾಕವ್ವಾ?" ಎಂದಳು ಮಗಳು. ಅವನ ಹತ್ತಿರ ದುಡ್ಡಿರಲಿಲ್ಲ, ನನ್ನ ಹತ್ತಿರ ಇತ್ತು ಎಂದು ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಎಷ್ಟು ಇಳೀಬಹುದು ಅಂತ ಮಾಡಿದ್ದಿ?" ಎಂದಳು. "ಒಂದೋ ಎರಡೋ ಸಾವಿರ." "ಇನ್ನ ಮ್ಯಾಲೆ ನನ್ನ ಸಲುವಾಗಿ ಚೌಕಾಶಿ ಮಾಡಬ್ಯಾಡವ್ವಾ" ಎಂದು ಹೇಳಿ, ಮಲಗಿದ್ದ ಮಗನಿಗೆ ಹೊದಿಕೆ ಸರಿಪಡಿಸಿದಳು. ಅಷ್ಟೇ.

ಆಮೇಲೆ ದಾರಿ ಸ್ವಲ್ಪ ಹತ್ತಿರವಾಗಿತ್ತು. 2019ರ ನವೆಂಬರ್ 22ರಂದು ಕಲಬುರಗಿಯ ವಿಮಾನ ನಿಲ್ದಾಣ ತೆರೆಯಿತು. ಸಣ್ಣ ಊರುಗಳಿಗೆಂದು ಕೇಂದ್ರ ಸರಕಾರ ತಂದ ಉಡಾನ್ ಯೋಜನೆಯಲ್ಲಿ ಒಂದು ತಾಸಿನ ಹಾರಾಟಕ್ಕೆ ಕೆಲವು ಕುರ್ಚಿಗಳನ್ನು 2,500 ರೂಪಾಯಿಯ ಮಿತಿಯಲ್ಲಿಟ್ಟರು. ಕೊರೋನಾ ಕಾಲದಲ್ಲಿ, 2020ರ ಮೇ ತಿಂಗಳಿಂದ 2022ರ ಆಗಸ್ಟ್‌ವರೆಗೆ, ದೇಶದೊಳಗಿನ ವಿಮಾನ ದರಕ್ಕೆ ಸರಕಾರವೇ ಮೇಲು ಕೆಳಗಿನ ಗೆರೆ ಎಳೆದಿತ್ತು. ಆದರೆ ಅವಸರ ಯಾವ ಯೋಜನೆಯನ್ನೂ ಕೇಳಿಕೊಂಡು ಬರುವುದಿಲ್ಲ.

ಅದಕ್ಕೇ ಗೆಳತಿಯರಿಗೆ ನನ್ನ ಅನುಭವದ ನಾಲ್ಕು ಮಾತು ಹೇಳುತ್ತಿರುತ್ತೇನೆ. ಮದುವೆ ಮುಂಜಿಗೆ, ಯಾತ್ರೆಗೆ ಹೋಗುವುದಾದರೆ ತಿಂಗಳ ಮೊದಲೇ ತೆಗೆಸಿ. ಅಲ್ಲಿ ಜಾಣತನಕ್ಕೆ ಎಡೆಯಿದೆ. ನಾಳೆಯೇ ಹೋಗಬೇಕಾಗಿ ಬಂದರೆ ನಸುಕಿನದು, ನಡುರಾತ್ರಿಯದು, ಇನ್ನೊಂದು ಊರಿನ ನಿಲ್ದಾಣದ್ದು, ಎಲ್ಲವನ್ನೂ ಒಂದೇ ಕೂತಿನಲ್ಲಿ ನೋಡಿ. ಶುಲ್ಕ, ಸಾಮಾನಿನ ದುಡ್ಡು ಎಲ್ಲ ಕೂಡಿಸಿ ಲೆಕ್ಕ ಮಾಡಿ. ಹೊಂದುವುದು ಕಂಡರೆ ಆಗಲೇ ಕೊಳ್ಳಿ, ಮನೆಗೆ ಹೋಗಿ ಬರುತ್ತೇನೆ ಎನ್ನಬೇಡಿ. ಎಲ್ಲಕ್ಕಿಂತ ಮೊದಲು, ನಿಮ್ಮ ಹೆಸರಿನಲ್ಲೇ ಒಂದು ಅವಸರದ ಗಂಟು ಇಟ್ಟುಕೊಳ್ಳಿ. ನನ್ನದು ಅಂಚೆ ಕಚೇರಿಯ ಪುಸ್ತಕದಲ್ಲಿದೆ, ಹದಿನೈದು ಸಾವಿರ. ಹಬ್ಬಕ್ಕೆ ಸೀರೆಗೆಂದು ಅದನ್ನು ಮುಟ್ಟಿಲ್ಲ.

ಇನ್ನೊಂದು ಸಣ್ಣ ಮಾತಿದೆ. ಮೊನ್ನೆ ಸಂಜೆ ಸಂತೆಯಲ್ಲಿ ಆ ಮುದುಕಿ ಎಂದಿನಂತೆ, "ಇದ್ದಷ್ಟೂ ಒಯ್ಯಿ ಯವ್ವಾ" ಎಂದಳು. ಕಣ್ಣು ಮಾತ್ರ ಬಸ್‌ಸ್ಟ್ಯಾಂಡಿನ ಕಡೆಗಿತ್ತು. ಅವಳ ಊರಿಗೆ ಕಡೇ ಬಸ್ಸು ಹೊರಡುವ ಹೊತ್ತು. ಇಷ್ಟು ವರ್ಷ ನಾನು ಬುದ್ಧಿವಂತಿಕೆಯಿಂದ ಅಗ್ಗಕ್ಕೆ ಕೊಂಡದ್ದು ಬದನೆಕಾಯಿಯನ್ನಲ್ಲ, ಅವಳ ಅವಸರವನ್ನು ಎಂದು ಆಗ ಹೊಳೆಯಿತು. ಬೆಳಗಿನ ಬೆಲೆಯನ್ನೇ ಎಣಿಸಿ ಕೊಟ್ಟೆ. ಅವಳು ಅನುಮಾನದಿಂದ ನೋಟನ್ನು ಎರಡು ಸಲ ಹೊರಳಿಸಿ ನೋಡಿ, ಬುಟ್ಟಿ ಎತ್ತಿಕೊಂಡು ಓಡಿದಳು.

ಚೌಕಾಶಿಯನ್ನು ಪೂರ್ತಿ ಬಿಟ್ಟೆನೆಂದರೆ ಸುಳ್ಳಾದೀತು. ಮುಂಜಾನೆ ಮಾಡುತ್ತೇನೆ. ಕಡೇ ಬಸ್ಸಿನ ಹೊತ್ತಿಗೆ ಮಾಡುವುದಿಲ್ಲ.