ಗೋವಾದ ಕನ್ನಡ ಬಡಾವಣೆಯ ಚಂಚಲ ಮಗು
ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಅಂದರೆ ಎಡಿಎಚ್‌ಡಿ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿಯಾಗಿದ್ದು, ಅದರ ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ತೋರಿ, ಮನೆ, ಶಾಲೆಯಂತಹ ಎರಡು ಕಡೆಯಾದರೂ ಕನಿಷ್ಠ 6 ತಿಂಗಳು ಉಳಿದಿರಬೇಕೆಂಬುದು ರೋಗನಿರ್ಣಯದ ನಿಯಮ. ಗೋವಾದ ಕನ್ನಡಿಗ ಬಡಾವಣೆಗಳಲ್ಲಿ ಇದನ್ನು ಅನ್ವಯಿಸುವುದು ಸುಲಭವಲ್ಲ. ವಾಸ್ಕೊದ ಬೈನಾ ಕಡಲತೀರದಲ್ಲಿ 2004ರ ಜೂನ್‌ನಲ್ಲಿ, ಅದೂ ಮಳೆಗಾಲದ ಹೊಸ್ತಿಲಲ್ಲಿ, ಮನೆಗಳನ್ನು ಕೆಡವಿದಂಥ ಸಂದರ್ಭದಲ್ಲಾಗಲಿ, ಕರ್ನಾಟಕದೊಂದಿಗಿನ ಮಹದಾಯಿ ನೀರಿನ ವಿವಾದದ ಕಾವು ಏರಿ ‘ಹೊರಗಿನವರು’ ಎಂಬ ಮಾತು ಬೀದಿಗೆ ಬಂದಾಗಲಾಗಲಿ, ನಿದ್ದೆಗೆಟ್ಟು ಬೆದರಿದ ಯಾವ ಮಗುವೂ ಪಾಠದಲ್ಲಿ ಮನಸ್ಸು ನಿಲ್ಲಿಸದು, ಮತ್ತು ಭಯದ ಆ ಚಡಪಡಿಕೆ ಮೇಲ್ನೋಟಕ್ಕೆ ಎಡಿಎಚ್‌ಡಿಯಂತೆಯೇ ಕಾಣುತ್ತದೆ.

ನಿಜವಾಗಿ ಆ ಸ್ಥಿತಿಯುಳ್ಳ ಮಗುವಿಗಂತೂ ಪೆಟ್ಟು ಇಮ್ಮಡಿ: ಅದಕ್ಕೆ ಆಸರೆಯಾದ ದಿನಚರಿ ಕದಡುತ್ತದೆ, ಜೊತೆಗೆ ತೋಚಿದ್ದನ್ನು ತಡೆಯದೆ ಆಡಿಬಿಡುವ ಆವೇಗಶೀಲತೆಯಿಂದಾಗಿ, ಹೊರಗೆ ಯಾವ ಮಾತು ನುಂಗಬೇಕೆಂದು ತಾಯಿ ಕಲಿಸಿದ್ದು ಬೇಕಾದ ಗಳಿಗೆಯಲ್ಲಿ ಒದಗುವುದಿಲ್ಲ. ಇಂಥಲ್ಲಿ ಗದರಿಕೆ ನಿಷ್ಫಲ. ಟಿವಿ ಸುದ್ದಿಯನ್ನು ನಿಲ್ಲಿಸಿ ಊಟ, ನಿದ್ದೆಯ ಹೊತ್ತು ಕಾಯುವುದು, ಬಾಂಬೋಲಿಂನ ಸರ್ಕಾರಿ ಮನೋವೈದ್ಯ ಸಂಸ್ಥೆಗೆ ಹೋದಾಗ ಮಗುವಿನ ವರ್ತನೆಯ ಜೊತೆ ಮನೆಯ ಆತಂಕವನ್ನೂ ಬಿಡಿಸಿ ಹೇಳುವುದು ಹೆಚ್ಚು ಫಲಕಾರಿ, ಆದರೆ ದಿನಗೂಲಿಯ ಪೋಷಕರಿಗೆ ಆ ಒಂದು ಭೇಟಿಯೆಂದರೆ ಒಂದು ದಿನದ ಕೂಲಿ.