ಗಾಜಿನ ತೊಟ್ಟಿಯೊಳಗಿನ ತೋಟ

ಅರವತ್ತರ ವಯಸ್ಸಿನಲ್ಲಿ ಮತ್ತೆ ಶಿಷ್ಯರಾಗಬೇಕಾಗಿ ಬರುವುದೆಂದು ನಾವು ಎಣಿಸಿರಲಿಲ್ಲ. ಮೂವತ್ತನಾಲ್ಕು ವರ್ಷ ಮೈಸೂರಿನಲ್ಲಿ ಮಕ್ಕಳಿಗೆ ಸಂಸ್ಕೃತವನ್ನು ಬೋಧಿಸಿ ನಿವೃತ್ತರಾದ ನಮಗೆ ತರುವಾಯ ಪಾಠ ಹೇಳಿದ್ದು ಎರಡು ಅಡಿ ಉದ್ದದ ಒಂದು ಗಾಜಿನ ತೊಟ್ಟಿ. ಆ ಪಾಠವು ಇತರ ಗೃಹಸ್ಥರಿಗೂ ಉಪಯೋಗಕ್ಕೆ ಬಂದೀತೆಂದು ಇಲ್ಲಿ ನಿವೇದಿಸುತ್ತೇವೆ.

ಕಳೆದ ವರ್ಷ ಜೂನ್ ತಿಂಗಳಲ್ಲಿ ನಮ್ಮ ಮಗಳೂ ಅಳಿಯನೂ ಉದ್ಯೋಗನಿಮಿತ್ತವಾಗಿ ದೂರದ ಊರಿಗೆ ಹೋಗಬೇಕಾಗಿ ಬಂದು, ಹತ್ತು ವರ್ಷದ ಮೊಮ್ಮಗನನ್ನು ಒಂದು ವರ್ಷದ ಮಟ್ಟಿಗೆ ನಮ್ಮಲ್ಲಿ ಬಿಟ್ಟು ಹೋದರು. ಹುಡುಗನು ಸೌಮ್ಯ ಸ್ವಭಾವದವನು. ಕೇಳಿದ್ದಕ್ಕೆ ಉತ್ತರ, ಬಡಿಸಿದಷ್ಟು ಊಟ. ಅದರ ಮೇಲೆ ಒಂದು ಮಾತಿಲ್ಲ. ತಾಯಿಯ ಫೋನು ಬಂದರೂ "ಹೂಂ", "ಉಹೂಂ" ಎಂಬಲ್ಲಿಗೆ ಸಂಭಾಷಣೆ ಮುಗಿಯುತ್ತಿತ್ತು. ಒಂದು ಸಂಜೆ ಮಾತ್ರ ತಾನಾಗಿಯೇ ಬಂದು, "ತಾತ, ಗಿಡಗಳಿರುವ ಮೀನಿನ ತೊಟ್ಟಿ ಇಟ್ಟುಕೊಳ್ಳೋಣವೇ?" ಎಂದು ಕೇಳಿದನು. ಆ ಒಂದು ವಾಕ್ಯಕ್ಕಾಗಿ ನಾವು ಸಮುದ್ರವನ್ನೇ ಬೇಕಾದರೂ ತರಲು ಸಿದ್ಧರಿದ್ದೆವು.

60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ತೊಟ್ಟಿ ಬಂದಿತು. ತುಂಬಿದರೆ 54 ಲೀಟರ್ ನೀರು ಹಿಡಿಯತಕ್ಕದ್ದು. ಬರಿಯ ಜಲ್ಲಿಯಲ್ಲಿ ಗಿಡ ಹೇಗೆ ಬೆಳೆದೀತೆಂದು ತರ್ಕಿಸಿ, ಹಿತ್ತಲ ಮಣ್ಣಿಗೆ ಧಾರಾಳವಾಗಿ ಸಗಣಿಗೊಬ್ಬರವನ್ನು ಬೆರೆಸಿ ನಾಲ್ಕು ಬೆರಳು ದಪ್ಪಕ್ಕೆ ಹರಡಿದೆವು. ನಮ್ಮ ಗೃಹಿಣಿಯು ಬಾಗಿಲಲ್ಲಿ ನಿಂತು, "ನೋಡಿ, ಆ ಗೊಬ್ಬರ ಇನ್ನೂ ಕಳಿತಿಲ್ಲ. ಕರಿಬೇವಿನ ಬುಡಕ್ಕೂ ನಾನು ಅದನ್ನು ಹಾಕುವವಳಲ್ಲ" ಎಂದಳು. ಅದು ನೆಲದ ಗಿಡ, ಇದು ನೀರಿನ ಗಿಡ ಎಂದು ಹೇಳಿ ಅವಳ ಬಾಯಿ ಮುಚ್ಚಿಸಿದೆವು. ಅಂಗಡಿಯಲ್ಲಿದ್ದ ಅತ್ಯಂತ ಪ್ರಖರವಾದ ದೀಪವನ್ನು ತಂದು, ಬೆಳಿಗ್ಗೆ ಐದಕ್ಕೆ ಹೊತ್ತಿಸಿದರೆ ರಾತ್ರಿ ಹತ್ತರವರೆಗೆ ಉರಿಸಿದೆವು. ಅದೇ ದಿನ ಆರು ಗಪ್ಪಿ ಮೀನುಗಳನ್ನೂ ಬಿಟ್ಟೆವು.

ನಾಲ್ಕನೆಯ ದಿನ ಬೆಳಿಗ್ಗೆ ಆರೂ ಮೀನುಗಳು ತೇಲುತ್ತಿದ್ದವು. ಹುಡುಗನು ಅವನ್ನು ಒಂದು ಎಲೆಯಲ್ಲಿ ಎತ್ತಿಕೊಂಡು ಹೋಗಿ ಪಾರಿಜಾತದ ಬುಡದಲ್ಲಿ ಹೂಳಿ, ಕೈ ತೊಳೆದುಕೊಂಡು ಶಾಲೆಗೆ ಹೊರಟನು. ಅತ್ತಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು. ಮುಂದಿನ ಎರಡು ವಾರಗಳಲ್ಲಿ ನೀರು ಹಸುರು ಗಂಜಿಯಂತಾಗಿ ಒಳಗಿನ ಗಿಡಗಳು ಕಾಣದಾದವು. ಅಮರಕೋಶದ ವಾರಿವರ್ಗದಲ್ಲಿ ಜಲನೀಲೀ, ಶೈವಾಲ, ಶೈವಲ ಎಂದು ಪರ್ಯಾಯಪದಗಳಿರುವುದನ್ನು ಸಾವಿರ ಮಕ್ಕಳಿಗೆ ಬಾಯಿಪಾಠ ಮಾಡಿಸಿದವರು ನಾವು. ವಸ್ತುವಿನ ಹೆಸರು ಬಲ್ಲವನು ವಸ್ತುವನ್ನು ಬಲ್ಲನೆಂಬ ನಿಯಮವಿಲ್ಲವೆಂದು ಆ ದಿನ ತಿಳಿಯಿತು.

ಆಮೇಲೆ ಪುಸ್ತಕಗಳನ್ನು ಹುಡುಕಿ ಓದಿದೆವು. ಕಳಿಯದ ಗೊಬ್ಬರವು ನೀರಿನಲ್ಲಿ ಕೊಳೆತು ಅಮೋನಿಯವನ್ನು ಬಿಡುತ್ತದೆ; ಅದು ಮೀನಿಗೆ ವಿಷ. ಅದನ್ನು ಮೊದಲು ನೈಟ್ರೈಟ್ ಆಗಿಯೂ ಬಳಿಕ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಷ್ಟರವರೆಗೆ ಮೀನನ್ನು ಬಿಡುವುದು ಅಡಿಗೆಯಾಗುವ ಮೊದಲೇ ಎಲೆ ಹಾಕಿದಂತೆ.

ಬೆಳಕಿನ ವಿಷಯದಲ್ಲಿಯೂ ನಮ್ಮದು ಅವಿವೇಕವೇ. ನೀರಿನಲ್ಲಿ ಮುಳುಗಿದ ಹಸುರೆಲೆಯು ಬೆಳಕಿನಲ್ಲಿ ಮಾತ್ರ ಪ್ರಾಣವಾಯುವಿನ ಗುಳ್ಳೆಗಳನ್ನು ಬಿಡುತ್ತದೆಂದು ಯಾನ್ ಇಂಗನ್‌ಹೌಸ್ ಎಂಬ ಡಚ್ ವೈದ್ಯನು 1779ರಲ್ಲಿ ಪ್ರಕಟಿಸಿದನು. ಹಾಗಾದರೆ ಬೆಳಕು ಹೆಚ್ಚಿದಷ್ಟೂ ಒಳ್ಳೆಯದಲ್ಲವೇ ಎಂದು ವಾಚಕರು ಕೇಳಬಹುದು. ಅಲ್ಲ. ಗಿಡಕ್ಕೆ ಬೇಕಾದ ಪದಾರ್ಥಗಳಲ್ಲಿ ಯಾವುದು ಅತ್ಯಂತ ಕಡಿಮೆಯಿರುವುದೋ ಅದೇ ಅದರ ಬೆಳವಣಿಗೆಯ ಮಿತಿಯೆಂಬ ತತ್ತ್ವವನ್ನು ಜರ್ಮನಿಯ ಸ್ಪ್ರೆಂಗೆಲ್ ಎಂಬವನು ಹೇಳಿದನು. ಲೀಬಿಗ್ ಎಂಬ ರಸಾಯನಶಾಸ್ತ್ರಜ್ಞನು ಅದನ್ನು ಪ್ರಚುರಪಡಿಸಿದನು. ಇಂಗಾಲದ ಡೈಆಕ್ಸೈಡ್ ಮತ್ತು ಪೋಷಕಾಂಶಗಳು ಹಿಂದೆಯೇ ಉಳಿದು ಬೆಳಕೊಂದೇ ಮುಂದೆ ಓಡಿದರೆ ಗಿಡಕ್ಕೆ ಅದರಿಂದ ಪ್ರಯೋಜನವಿಲ್ಲ. ಉಳಿದ ಬೆಳಕನ್ನು ಪಾಚಿಯು ಉಣ್ಣುತ್ತದೆ.

ಇನ್ನು ನಾವು ಎರಡನೆಯ ಸಲ ಅನುಸರಿಸಿದ ಕ್ರಮ. ತಳಕ್ಕೆ ಮಣ್ಣನ್ನು ಹಾಕಿ ಮೇಲೆ ಜಲ್ಲಿ ಮುಚ್ಚುವ ವಿಧಾನವನ್ನು ಅಮೆರಿಕದ ಡಯಾನಾ ವಾಲ್‌ಸ್ಟಡ್ ಎಂಬಾಕೆಯು 1999ರ ತನ್ನ ಗ್ರಂಥದಲ್ಲಿ ಸಕಾರಣವಾಗಿ ವಿವರಿಸಿದ್ದಾಳೆ. ಗೊಬ್ಬರ ಸೋಕದ ಕೆಮ್ಮಣ್ಣನ್ನು ಜರಡಿ ಹಿಡಿದು, ನೆನೆಸಿ, ಬಿಸಿಲಿಗೆ ಒಣಗಿಸಿ, ಹೀಗೆ ನಾಲ್ಕು ಸಲ ಮಾಡಿ ಒಂದು ಅಂಗುಲ ದಪ್ಪಕ್ಕೆ ಹರಡಿದೆವು. ನಮ್ಮ ಸೀಮೆಯ ಕೆಮ್ಮಣ್ಣಿನ ಕೆಂಪು ಕಬ್ಬಿಣದ್ದು. ಗಾಳಿ ಕಡಿಮೆಯಾದ ತಳದಲ್ಲಿ ಆ ಕಬ್ಬಿಣವು ಕರಗಿ ಬೇರಿಗೆ ದೊರಕುತ್ತದೆ. ಅದರ ಮೇಲೆ ಎರಡು ಮಿಲಿಮೀಟರ್ ಗಾತ್ರದ, ತೊಳೆದ ನದಿಯ ಮರಳು ಒಂದು ಅಂಗುಲ. ನುಣುಪು ಮರಳು ದಪ್ಪವಾದರೆ ಗಟ್ಟಿಕಟ್ಟಿ ಒಳಗೆ ಕೊಳೆತ ಮೊಟ್ಟೆಯ ವಾಸನೆಯ ವಿಷವಾಯು ಹುಟ್ಟುತ್ತದೆ. ದಪ್ಪ ಜಲ್ಲಿಯಾದರೆ ಮೀನಿನ ಆಹಾರವು ಸಂದಿಗಳಿಗೆ ಇಳಿದು ಕೊಳೆಯುತ್ತದೆ. ಕಲ್ಲುಗಳ ಮೇಲೆ ಒಂದೆರಡು ಹನಿ ವಿನಿಗರ್ ಹಾಕಿ ನೋಡಬೇಕು. ನೊರೆ ಬಂದರೆ ಅದು ಸುಣ್ಣದ ಕಲ್ಲು, ನೀರನ್ನು ಗಡುಸು ಮಾಡುತ್ತದೆ. ಎಲ್ಲ ಗಿಡಕ್ಕೂ ಮಣ್ಣು ಬೇಕೆಂದಿಲ್ಲ. ಜಾವಾ ಫರ್ನ್ ಮತ್ತು ಅನೂಬಿಯಾಸ್ ಎಂಬವುಗಳ ಗೆಡ್ಡೆಯಂತಹ ಕಾಂಡವನ್ನು ಹೂತರೆ ಕೊಳೆಯುತ್ತದೆ. ಅವನ್ನು ಕಲ್ಲಿಗೆ ದಾರದಿಂದ ಕಟ್ಟಬೇಕು. ಬೇರಿನಿಂದ ಉಣ್ಣುವ ವ್ಯಾಲಿಸ್ನೇರಿಯ, ಕ್ರಿಪ್ಟೊಕೊರೈನ್‌ಗಳಿಗೆ ಮಾತ್ರ ಮಣ್ಣೇ ಆಧಾರ. ಎರಡನೆಯದರ ಕೆಲವು ಜಾತಿಗಳು ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲಿಯೇ ಬೆಳೆಯುತ್ತವೆ.

ದೀಪಕ್ಕೆ ಹವ್ಯಾಸಿಗಳ ಒಂದು ಸ್ಥೂಲ ಲೆಕ್ಕವಿದೆ: ಸುಲಭವಾಗಿ ಬೆಳೆಯುವ ಗಿಡಗಳಿಗೆ ಲೀಟರಿಗೆ 20 ಲ್ಯೂಮೆನ್ ಸಾಕು. ಮಣ್ಣು ಮರಳು ಕಳೆದು ಉಳಿದ ನಮ್ಮ 45 ಲೀಟರಿಗೆ 900 ಲ್ಯೂಮೆನ್‌ನ, 6500 ಕೆಲ್ವಿನ್ ಎಂದು ಬರೆದ ಹಗಲುಬಿಳುಪಿನ ಎಲ್.ಇ.ಡಿ. ದೀಪವೊಂದನ್ನು ತಂದೆವು. ಟೈಮರ್ ಕಟ್ಟಿ, ದಿನಕ್ಕೆ ಎಂಟು ಗಂಟೆಗೆ ಮೀರದಂತೆ ಗೊತ್ತುಮಾಡಿದೆವು. ನೇರ ಬಿಸಿಲು ಬೀಳುವ ಕಿಟಕಿಯಿಂದ ತೊಟ್ಟಿಯನ್ನು ದೂರ ಸರಿಸಿದೆವು.

ಇಷ್ಟೆಲ್ಲ ಮಾಡಿ ಹುಡುಗನೇ ತನ್ನ ಕೈಯಿಂದ ಕ್ರಿಪ್ಟೊಕೊರೈನ್ ಗಿಡಗಳನ್ನು ನೆಟ್ಟನು. ಹತ್ತು ದಿನಗಳಲ್ಲಿ ಅವುಗಳ ಎಲೆಗಳೆಲ್ಲ ಗಾಜಿನಂತೆ ತೆಳುವಾಗಿ, ಕರಗಿ, ಮರಳಿನ ಮೇಲೆ ಮೋಟು ಮಾತ್ರ ಉಳಿಯಿತು. ಹುಡುಗನ ಮುಖವನ್ನು ನೋಡಲಾರದೆ ನಾವು ಅವನ್ನು ಕಿತ್ತು ಬೇರೆ ತರುವೆವೆಂದು ತೋಳು ಮಡಿಸಿದೆವು. ಅಷ್ಟರಲ್ಲಿ ಹಿಂದಿನ ರಾತ್ರಿ ಓದಿದ್ದು ನೆನಪಾಯಿತು. ಈ ಗಿಡವು ಸ್ಥಳ ಬದಲಾದರೆ ಇದ್ದ ಎಲೆಗಳನ್ನೆಲ್ಲ ಬಿಟ್ಟುಬಿಡುವುದುಂಟು, ಬೇರು ಸಾಯದು. ಕೀಳಬಾರದು, ಕಾಯಬೇಕು. ಇದನ್ನು ಹುಡುಗನಿಗೆ ಹೇಳುತ್ತಿರುವಾಗಲೇ ನಮ್ಮ ಮಾತು ನಡುವೆ ನಿಂತಿತು. ಎರಡು ತಿಂಗಳಿಂದ ಪ್ರತಿದಿನವೂ ಊಟದ ಹೊತ್ತಿಗೆ, "ಏಕೆ ಮಾತನಾಡುವುದಿಲ್ಲ? ಶಾಲೆಯಲ್ಲಿ ಏನಾಯಿತು? ಅಮ್ಮನಿಗೆ ಸರಿಯಾಗಿ ಉತ್ತರ ಹೇಳು" ಎಂದು ಅವನನ್ನು ಕಿತ್ತು ಕಿತ್ತು ನೋಡುತ್ತಿದ್ದವರು ನಾವೇ ಅಲ್ಲವೇ? ಅಂದಿನಿಂದ ಆ ಪ್ರಶ್ನೆಗಳನ್ನು ನಿಲ್ಲಿಸಿದೆವು. ಸಂಜೆ ಇಬ್ಬರೂ ತೊಟ್ಟಿಯ ಮುಂದೆ ಸುಮ್ಮನೆ ಕುಳಿತುಕೊಳ್ಳುತ್ತಿದ್ದೆವು.

ಐದನೆಯ ವಾರದಲ್ಲಿ ಒಂದು ಮೋಟಿನ ನಡುವೆ ಸುರುಳಿ ಸುತ್ತಿದ ಕಿರಿಯ ಎಲೆಯೊಂದು ಕಾಣಿಸಿತು. ನಾವು ಜಗಲಿಯಲ್ಲಿ ಪಂಚಾಂಗ ನೋಡುತ್ತಿದ್ದೆವು. ಒಳಗೆ ಹುಡುಗನು ತಾನೇ ಫೋನು ಮಾಡಿ, "ಅಮ್ಮಾ, ಅದು ಸತ್ತಿರಲಿಲ್ಲ, ಬೇರು ಬಿಡುತ್ತಿತ್ತು ಅಷ್ಟೆ" ಎಂದು ಹೇಳುವುದು ಕೇಳಿಸಿತು. ಅರ್ಧ ಗಂಟೆಯವರೆಗೂ ಆ ಮಾತು ಮುಗಿಯಲಿಲ್ಲ. ಗೃಹಿಣಿಯು ಅಡಿಗೆಮನೆಯಿಂದ ಬಂದು ನಮ್ಮ ಮುಖವನ್ನು ನೋಡಿ, ಏನೂ ಹೇಳದೆ ಒಳಗೆ ಹೋದಳು.

ಈಗ ತೊಟ್ಟಿಯಲ್ಲಿ ಆರು ಗಪ್ಪಿಗಳಿವೆ. ಬರುವ ಜೂನ್ ತಿಂಗಳಲ್ಲಿ ಹುಡುಗನು ತಾಯಿತಂದೆಗಳ ಬಳಿಗೆ ಹೋಗತಕ್ಕವನು. ಅಲ್ಲಿಯೂ ಮೊದಲ ಕೆಲವು ದಿನ ಎಲೆ ಬಾಡೀತು. ಗಾಬರಿಯಾಗಬಾರದೆಂದು ಮಗಳಿಗೆ ಈಗಲೇ ತಿಳಿಸಿದ್ದೇವೆ.