ಕಾರಿನ ಎಂಜಿನ್ ಹುಡುಕೋಕೆ ಹೋಗಿ ಟ್ರ್ಯಾಕ್ಟರ್ ನೆನಪಾತು

ಈ ಸಲ ಭತ್ತದ ಮಾತಿಲ್ಲ. ಬೇಸಿಗಿ ಬೆಳಿ ಇಲ್ಲ, ಗದ್ದಿ ಒಣಗಿ ಬಿರುಕು ಬಿಟ್ಟಾವ. ಕೈಯಾಗ ಕೆಲಸ ಇಲ್ಲದಾಗ ಮನುಷ್ಯ ಏನೇನೋ ಹಚ್ಕೋತಾನ. ನಾನು ಹತ್ತು ದಿನ ಹಳೇ ಕಾರಿನ ಎಂಜಿನ್ ನೋಡ್ಕೋತ ತಿರುಗಿದೆ. ನಿಮ್ಮ ಮನೆಯಾಗೂ ಇಪ್ಪತ್ನಾಲ್ಕು ವರ್ಷದ ಹುಡುಗ ಇದ್ರೆ ಪೂರ್ತಿ ಓದ್ರಿ.

ನಮ್ಮ ಅಣ್ಣ ತೀರಿಕೊಂಡ ಮ್ಯಾಲೆ ಅವನ ಮಗ ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಬಂದು ಆರು ಎಕರೆ ಹಿಡಿದ. 2024ರ ಆಗಸ್ಟ್ 10ರ ರಾತ್ರಿ ಟಿಬಿ ಡ್ಯಾಂನ 19ನೇ ಗೇಟು ಕೊಚ್ಚಿಹೋತಲ್ಲ, ಆವಾಗ ಹಚ್ಚಿದ ಭತ್ತಕ್ಕೆ ನೀರು ಸಿಗ್ತದೋ ಇಲ್ಲೋ ಅಂತ ನಾವಿಬ್ರೂ ವಾರಪೂರ್ತಿ ನಿದ್ದಿ ಮಾಡಿಲ್ಲ. ಇಷ್ಟು ವರ್ಷದಾಗ ಅವನು ತನಗಂತ ಏನೂ ಕೇಳಿದವನಲ್ಲ. ಈಗ ಕೇಳಿದ: "ಕಾಕಾ, ಮೂರೂವರೆ ಲಕ್ಷದಾಗ ಒಂದು ಹಳೇ ಡೀಸೆಲ್ ಕಾರು. ಆಮ್ಯಾಲೆ ಟ್ಯೂನಿಂಗ್ ಮಾಡಿಸ್ತೀನಿ."

ವೈನಿ ನನ್ನ ಕಡೆ ನೋಡಿದ್ರು, ಬೈತೀನಿ ಅಂತ. ನನಗೆ ಬಾಯಿ ಬರಲಿಲ್ಲ. ಯಾಕಂದ್ರೆ ಟ್ಯೂನಿಂಗ್ ಮಾಡಿ ಕೈ ಸುಟ್ಕೊಂಡವ ನಾನೇ.

ಏಳು ವರ್ಷದ ಹಿಂದಿನ ಮಾತು. ಕಾಲುವಿ ಬಿಟ್ಟಿದ್ರು, ಎಲ್ಲಾರೂ ಒಮ್ಮೆಲೇ ಕೆಸರು ಹೊಡಿಯೋ ಹೊತ್ತು. ಕೇಜ್ ವೀಲ್ ಹಾಕಿ ರೋಟವೇಟರ್ ಇಳಿಸಿದ್ರೆ ನನ್ನ ಟ್ರ್ಯಾಕ್ಟರ್ ಏದುಸಿರು ಬಿಡ್ತಿತ್ತು. ಒಬ್ಬ ಮಿಸ್ತ್ರಿ ಪಂಪಿನ ಸೀಲ್ ಕಿತ್ತು ಸ್ಕ್ರೂ ಒಂದಿಷ್ಟು ತಿರುವಿ ಕೊಟ್ಟ. ಎರಡು ದಿನ ಆನಿ ನಡೆದಂಗ ನಡೀತು. ಹೊಗಿ ಮಾತ್ರ ಇಟ್ಟಿಗಿ ಭಟ್ಟಿ ಹಂಗ. ಮೂರನೇ ದಿನ ಮುಳ್ಳು ಕೆಂಪಿಗೆ ಹೋತು, ಹೆಡ್ ಗ್ಯಾಸ್ಕೆಟ್ ಹಾರಿತು, ಬಿಚ್ಚಿ ನೋಡಿದ್ರೆ ಒಂದು ಪಿಸ್ಟನ್ ತಲಿ ಕರಗಿತ್ತು. 58 ಸಾವಿರ ಬಿಲ್. ಅದರ ಮ್ಯಾಲೆ ಬಾಡಿಗಿ ಟ್ರ್ಯಾಕ್ಟರ್. ನಾಟಿ ಹನ್ನೆರಡು ದಿನ ತಡ.

ಆವಾಗ ಕಲಿತದ್ದು ಇದು. ಡೀಸೆಲ್ ಸುರಿಯೋದು ಸಸಾರ, ಅದನ್ನ ಸುಡೋಕೆ ಗಾಳಿ ಬೇಕು. ಗಾಳಿ ಸಾಲದಿದ್ರೆ ಹೆಚ್ಚಿನ ಡೀಸೆಲ್ ಹೊಗಿ ಆಗ್ತದ, ಸೆಕಿ ಆಗ್ತದ. ನನ್ನ ಟ್ರ್ಯಾಕ್ಟರಿಗೆ ಟರ್ಬೊ ಇರಲಿಲ್ಲ, ಎಳಕೊಳ್ಳೋ ಗಾಳಿ ಅಷ್ಟೇ ಅದರ ಭಾಗ್ಯ. ಟರ್ಬೊ ಇದ್ದ ಎಂಜಿನ್ ಗಾಳಿ ಒತ್ತಿ ತುಂಬ್ತದ, ಅದಕ್ಕೇ ಹುಡುಗರು ಟರ್ಬೊ ಡೀಸೆಲ್ ಹಿಂದೆ ಬೀಳೋದು. ಟರ್ಬೊ ಇಲ್ಲದ ಪೆಟ್ರೋಲ್ ಕಾರಿಗೆ ರೀಮ್ಯಾಪ್ ಅಂತ ದುಡ್ಡು ಕೊಟ್ರೆ ಬದನೆಕಾಯಿ ಕೊಟ್ಟು ಬದನೆಕಾಯಿ ತಂದಂಗ.

ಒಂದು ಉದಾಹರಣಿ ಹೇಳ್ತೀನಿ. ನಮ್ಮ ಕಡೆ ಊರಿಗೆ ಹತ್ತು ಹಳೇ ಇನ್ನೋವಾ ಅದಾವ. 2.5 ಲೀಟರ್ ಎಂಜಿನ್, 102 ಪಿಎಸ್ (ನಮ್ಮ ಎಚ್‌ಪಿ ಲೆಕ್ಕಕ್ಕೆ ಹೆಚ್ಚುಕಮ್ಮಿ ಅಷ್ಟೇ). ಅದೇ ಕುಟುಂಬದ 2.5 ಎಂಜಿನ್ನು ಫಾರ್ಚ್ಯೂನರ್‌ನಾಗ 144 ಕೊಡ್ತದ. ಬೇರೆ ಟರ್ಬೊ, ಇಂಟರ್‌ಕೂಲರ್, ಬೇರೆ ಸೆಟ್ಟಿಂಗ್. ಅಂದ್ರೆ ಕಂಪನಿನೇ ಒಂದರಾಗ ಕೈ ಹಿಡಿದು ಬಿಟ್ಟಿರ್ತದ. ಹಂಗ ಉಳಿಸಿಟ್ಟ ಜಾಗ ಇದ್ದ ಎಂಜಿನ್ನೇ ಟ್ಯೂನಿಂಗಿಗೆ ಒಳ್ಳೇದು. ಆದ್ರ ಚಲೋ ಇನ್ನೋವಾ ನಮ್ಮ ಮೂರೂವರೆಗೆ ಎಲ್ಲಿ ಸಿಗ್ತದ?

ಹುಡುಗನ ಮನಸ್ಸು ಸ್ಕೋಡಾ ಲೌರಾ ಮ್ಯಾಲೆ. 1.9 ಟಿಡಿಐ, 105 ಪಿಎಸ್, ಗಟ್ಟಿ ಕಬ್ಬಿಣ. ಹೊಸಪೇಟೆಯಾಗ ಒಂದು ನೋಡಿದ್ವಿ, ರೇಟೂ ಸೋವಿ. ಎಂಜಿನ್ನಿಗೆ ನಾನೂ ಕೈ ಮುಗಿದೆ. ಆದ್ರ ಒಂದು ಸೆನ್ಸರ್ ಹೋದ್ರೆ ಬಿಡಿಭಾಗಕ್ಕೆ ಹುಬ್ಬಳ್ಳಿಗೋ ಬೆಂಗಳೂರಿಗೋ ಫೋನ್ ಹಚ್ಚಬೇಕು, ಟೈಮಿಂಗ್ ಬೆಲ್ಟ್ ಯಾವಾಗ ಬದಲಾಗೇತಿ ಅಂತ ಮಾರೋನಿಗೇ ಗೊತ್ತಿಲ್ಲ. ಸೋವಿ ಇರೋದು ಅದಕ್ಕೇ. ಬಿಟ್ವಿ.

ಕಾರಟಗಿ ಕಡೆ ಒಂದು ಜೀಪು, ಬೇರೆ ಗಾಡಿ ಎಂಜಿನ್ ಕೂಡಿಸಿದ್ದು. ಓಡೋಕೆ ಹುಲಿ. ಆರ್‌ಸಿ ಕೇಳಿದ್ರೆ ಎಂಜಿನ್ ನಂಬರ್ ತಾಳೆ ಆಗಲ್ಲ. ಕಂಪನಿ ಕೊಟ್ಟ ವಿವರ ಬದಲಾಗೋ ಹಂಗ ಗಾಡಿ ಮಾರ್ಪಾಡು ಮಾಡಬಾರದು ಅಂತ ಮೋಟಾರು ವಾಹನ ಕಾಯ್ದೆ 52ನೇ ಕಲಂ ಹೇಳ್ತದ, 2019ರ ಜನವರಿಯಾಗ ಸುಪ್ರೀಂ ಕೋರ್ಟೂ ಅದನ್ನೇ ಹೇಳ್ತು. ನಾಳೆ ಯಾರಿಗೋ ಬಡಿದ್ರೆ ವಿಮಾದವರು ಏನಂತಾರ, ಯೋಚನೆ ಮಾಡ್ರಿ.

ಸಿಂಧನೂರಾಗ ವರ್ನಾ 1.5 ಸಿಆರ್‌ಡಿಐ. 110 ಪಿಎಸ್, ಹುಡುಗ ಓಡಿಸಿ ಬಂದವನು ಹಲ್ಲು ಕಿರಿದ. ನಾನು ಎಂಜಿನ್ ಚಾಲೂ ಇಟ್ಟು ಆಯಿಲ್ ಹಾಕೋ ಮುಚ್ಚಳ ಬಿಚ್ಚಿದೆ. ಪುಸುಪುಸು ಅಂತ ಹೊಗಿ ಹೊರಗ ಹೊಡೀತು. ರಿಂಗ್ ಸವೆದಾವ ಅಂತ ಅರ್ಥ. ಟರ್ಬೊ ಪೈಪಿನಾಗೂ ಎಣ್ಣಿ ಜಿನುಗ್ತಿತ್ತು. "ಮ್ಯಾಪ್ ಮಾಡಿಸಿದ್ರೆ ಸರಿ ಹೋಗ್ತದ ಕಾಕಾ" ಅಂದ. "ಬೆಂಕಿರೋಗ ಬಂದ ಭತ್ತಕ್ಕೆ ಯೂರಿಯಾ ಹಾಕ್ತೀಯೇನಪಾ?" ಅಂದೆ. ಸುಮ್ಮನಾದ. ವಾಪಸ್ ಬರುವಾಗ ಊರು ಬರೋತನಕ ಇಬ್ರೂ ಮಾತಾಡಲಿಲ್ಲ.

ಕಡೀಗೆ ಗಂಗಾವತಿಯಾಗೇ ಸಿಕ್ತು, 2014ರ ಸ್ವಿಫ್ಟ್ ಡೀಸೆಲ್. 1.3 ಲೀಟರ್, 75 ಪಿಎಸ್, 190 ನ್ಯೂಟನ್ ಮೀಟರ್. ಫಿಯೆಟ್‌ನವರ ಎಂಜಿನ್. ಮಾರುತಿ, ಟಾಟಾ ಎಲ್ಲಾರೂ ಇದನ್ನೇ ಹಾಕಿದ್ರು, ಮಾರುತಿಯವರು 2020ರಾಗ ಬಿಎಸ್6 ಬಂದಾಗ ನಿಲ್ಲಿಸಿದ್ರು. ಬಿಡಿಭಾಗ ಯಾವ ಊರಾಗ ಕೇಳಿದ್ರೂ ಸಿಗ್ತಾವ. ಬೆಲ್ಟ್ ಅಲ್ಲ, ಟೈಮಿಂಗ್ ಚೈನು. ಅದೇ ಎಂಜಿನ್ನು ಎರ್ಟಿಗಾದಾಗ ಬೇರೆ ಟರ್ಬೊ ಹಾಕ್ಕೊಂಡು 90 ಕೊಡ್ತಿತ್ತು, ಅಂದ್ರೆ ಕಬ್ಬಿಣ ತಡಕೊಳ್ತದ. ಮುಂಜಾನೆ ಆರಕ್ಕೆ ಹೇಳದೆ ಹೋದ್ವಿ, ಬಾನೆಟ್ ಮುಟ್ಟಿದ್ರೆ ತಣ್ಣಗಿತ್ತು. ಮಾರೋರು ಮೊದಲೇ ಬಿಸಿ ಮಾಡಿ ಇಟ್ಟಿರ್ತಾರ, ಹುಷಾರು. ಒಂದೇ ಸೆಲ್ಫಿಗೆ ಹತ್ತಿತು, ಮುಚ್ಚಳ ಬಿಚ್ಚಿದ್ರೆ ಹೊಗಿ ಇಲ್ಲ. ಕ್ಲಚ್ ಮಾತ್ರ ಮುಗಿದಿತ್ತು. ಅದನ್ನ ಹಿಡಿದು ಚೌಕಾಸಿ ಮಾಡಿ 2 ಲಕ್ಷ 80ಕ್ಕೆ ಇಳಿಸಿದೆ. ಆರ್‌ಸಿ 2029ರ ತನಕ ಐತಿ.

ಉಳಿದ 70 ಸಾವಿರದ ಮ್ಯಾಲೆ ಜಗಳ ಆತು. ಅವನಿಗೆ ಮೊದಲು ಮ್ಯಾಪು. ನಾನು, ಮೊದಲು ಕ್ಲಚ್, ಮುಂದಿನ ಬ್ರೇಕು, ನಾಲ್ಕು ಟೈರು, ಇಂಜೆಕ್ಟರ್ ಚೆಕ್ಕು, ಆಯಿಲು ಅಂದೆ. ಶಕ್ತಿ ಹೆಚ್ಚಾದ್ರೆ ಮೊದಲು ಜಾರೋದು ಹಳೇ ಕ್ಲಚ್ಚೇ. ಎರಡು ದಿನ ಮುಖ ಊದಿಸ್ಕೊಂಡಿದ್ದ. ಮೂರನೇ ದಿನ ತಾನೇ ಹೋಗಿ ಕ್ಲಚ್ ಪ್ಲೇಟ್ ತಂದ. ಎಲ್ಲಾ ಮುಗಿದು 20 ಸಾವಿರ ಉಳೀತು, ಅದ್ರಾಗ ಮ್ಯಾಪು. ನೂರರ ತನಕ ಹತ್ತಿಸ್ಲಾ ಅಂತ ಕೇಳಿದ ಹುಡುಗನಿಗೆ ಆ ಮ್ಯಾಪ್ ಮಾಡೋನೇ, ಈ ಟರ್ಬೊಕ್ಕೆ 90ರ ಆಸುಪಾಸು ಸಾಕು, ಹೊಗಿ ಕಂಡ್ರೆ ವಾಪಸ್ ತಗೊಂಡ್ ಬಾ ಅಂದನಂತ. ಅವನ ಮ್ಯಾಲೆ ನನಗ ಗೌರವ ಬಂತು. ವಿಮಾದವರಿಗೂ ತಿಳಿಸು ಅಂತ ಹೇಳೀನಿ. ಇನ್ನೂ ತಿಳಿಸಿಲ್ಲ, ಬೆನ್ನು ಹತ್ತೀನಿ.

ಮೊನ್ನೆ ಸೋಮವಾರ ವೈನಿನ ಮುಂದಿನ ಸೀಟಿನಾಗ ಕೂಡಿಸ್ಕೊಂಡು ಗಂಗಾವತಿಗೆ ಹೋಗಿ ಬಂದ. ಹೆಂಗೈತಿ ಅಂತ ಕೇಳಿದೆ. "ಚಲೋ ಐತಿ, ಮೊದಲಿನಂಗೇ ಐತಲ್ಲ" ಅಂದ್ರು. ಹುಡುಗನ ಮುಖ ನೋಡಬೇಕಿತ್ತು ನೀವು.